ಆಲೂಗಡ್ಡೆಯ ಗಂಜಿ ಇರುವಾಗ ಕೆನೆ ಯಾಕೆ?

ನಾವು ಫ್ರಾನ್ಸಿನ ಗ್ರೆನೋಬ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಚಳಿಗಾಲದ ಭಾನುವಾರ ಈ ಊರಿನಲ್ಲಿ ಯಾವ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿದರೂ ಒಂದೇ ಪರಿಮಳ ಎದುರಾಗುತ್ತದೆ: ಬೆಳ್ಳುಳ್ಳಿ, ಜಾಯಿಕಾಯಿ, ಓವನ್ನಿನಲ್ಲಿ ನಿಧಾನವಾಗಿ ಕುದಿಯುತ್ತಿರುವ ಹಾಲುಕೆನೆ. ಗ್ರಾತಾಂ ದೊಫಿನ್ವಾ. ದೊಫಿನೆ ಅನ್ನುವುದು ಈ ಸೀಮೆಯ ಹಳೆಯ ಹೆಸರು, ಗ್ರೆನೋಬ್ಲ್ ಅದರ ರಾಜಧಾನಿ. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಹೆಚ್ಚಿ, ಬೆಳ್ಳುಳ್ಳಿ ಉಜ್ಜಿದ ಮಣ್ಣಿನ ತಟ್ಟೆಯಲ್ಲಿ ಹಾಸಿ, ಹಾಲು ಕೆನೆ ಸುರಿದು ಒಂದೂವರೆ ಗಂಟೆ ಬೇಯಿಸುತ್ತಾರೆ. ಬರಹದಲ್ಲಿ ಇದರ ಹೆಸರು ಸಿಗುವ ಹಳೆಯ ದಿನ 1788ರ ಜುಲೈ 12. ಇಲ್ಲಿಂದ ದಕ್ಷಿಣಕ್ಕಿರುವ ಗಾಪ್ ಊರಿನಲ್ಲಿ ಕ್ಲೆರ್ಮೊಂ-ತೊನೆರ್ ಡ್ಯೂಕ್ ನಗರದ ಅಧಿಕಾರಿಗಳಿಗೆ ಕೊಟ್ಟ ಔತಣದಲ್ಲಿ ಇದನ್ನು ಬಡಿಸಿದ್ದರಂತೆ. ಫ್ರೆಂಚ್ ಕ್ರಾಂತಿಗೆ ಇನ್ನೊಂದು ವರ್ಷವಿತ್ತು.

ನನ್ನ ಮಗಳಿಗೆ ಹಾಲು ಆಗುವುದಿಲ್ಲ. ಅದೂ ಹಾಲಿನ ಸಕ್ಕರೆ (ಲ್ಯಾಕ್ಟೋಸ್) ಜೀರ್ಣವಾಗದ ತೊಂದರೆಯಲ್ಲ, ಹಾಲಿನ ಪ್ರೋಟೀನಿಗೇ ಅಲರ್ಜಿ. ಈ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಲ್ಯಾಕ್ಟೋಸ್ ಅಷ್ಟೇ ತೊಂದರೆಯಾದವರು ಲ್ಯಾಕ್ಟೋಸ್ ತೆಗೆದ ಹಾಲು ಕುಡಿಯಬಹುದು, ತಿಂಗಳುಗಟ್ಟಲೆ ಹಣ್ಣಾದ ಕೋಂತೆ, ಬೊಫೊರ್ ತರಹದ ಗಟ್ಟಿ ಚೀಸ್ ತಿನ್ನಬಹುದು, ಅವುಗಳಲ್ಲಿ ಲ್ಯಾಕ್ಟೋಸ್ ಉಳಿದಿರುವುದೇ ಇಲ್ಲ ಅನ್ನುವಷ್ಟು ಕಡಿಮೆ. ನನ್ನ ಮಗಳಿಗೆ ಅದೊಂದೂ ದಾರಿಯಲ್ಲ. ಅವಳಿಗೆ ಮೂರು ವರ್ಷವಿದ್ದಾಗ ಒಂದು ಹೋಟೆಲಿನಲ್ಲಿ ಹಾಲಿನದ್ದೇನೂ ಬೇಡ ಎಂದು ಎರಡು ಸಲ ಹೇಳಿದ್ದೆ. ಆಲೂಗಡ್ಡೆಗೆ ಬೆಣ್ಣೆ ಸವರಿ ತಂದರು. ಆ ಸಂಜೆ ಆಸ್ಪತ್ರೆಯಲ್ಲಿ ಕಳೆಯಿತು. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ 14 ಬಗೆಯ ಅಲರ್ಜಿ ಪದಾರ್ಥಗಳನ್ನು ಹೋಟೆಲಿನವರೂ ತಿಳಿಸಲೇಬೇಕು, ಹಾಲು ಅದರಲ್ಲಿದೆ. ಕಾನೂನಿದ್ದರೂ ಅಡುಗೆಮನೆಯಲ್ಲಿ ನಿಂತವರಿಗೆ ಬೆಣ್ಣೆಯೂ ಹಾಲೇ ಅನ್ನುವುದು ಹೊಳೆಯಬೇಕಲ್ಲ. ಅಂದಿನಿಂದ ಈ ಸೀಮೆಯ ಊಟವನ್ನು ನನ್ನ ಮನೆಯಲ್ಲೇ ಅವಳಿಗೆ ಮಾಡಿ ಉಣಿಸಬೇಕು ಅನ್ನುವ ಹಟ ಹಿಡಿಯಿತು. ಅವಳು ಹುಟ್ಟಿದ ಊರಿನ ಅಡುಗೆ ಇದು. ಅವಳಿಗೆ ಅದು ಸಿಗಲೇಬೇಕು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೆನೆಯ ಜಾಗಕ್ಕೆ ಇನ್ನೊಂದು ಕೆನೆ ಹುಡುಕಿದೆ. ಓಟ್ಸ್ ಪಾನೀಯ ಸುರಿದರೆ ಇಡೀ ತಟ್ಟೆ ಸಿಹಿ ಹೊಡೆಯಿತು. ಓಟ್ಸಿನ ಪಿಷ್ಟವನ್ನು ಕಿಣ್ವ ಹಾಕಿ ಒಡೆದೇ ಅದನ್ನು ತಯಾರಿಸುವುದು, ಸಕ್ಕರೆ ಹಾಕದಿದ್ದರೂ ಸಿಹಿ ಇದ್ದೇ ಇರುತ್ತದೆ. ಗೋಡಂಬಿ ರುಬ್ಬಿ ಹಾಕಿದರೆ ನುಣುಪು ಬಂತು, ಆದರೆ ಗೋಡಂಬಿಯ ಸುಮಾರು ಅರ್ಧ ತೂಕ ಕೊಬ್ಬೇ, ಊಟ ಮೊದಲಿನಷ್ಟೇ ಭಾರ. ಇನ್ನು ತೆಂಗಿನ ಹಾಲು. ಇದರ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ನಮ್ಮ ಕಡೆಯ ಗೆಳತಿಯರು ಎಲ್ಲರೂ ಮೊದಲು ಕೊಡುವ ಸಲಹೆ ಇದೇ. ತೆಂಗಿನ ಹಾಲು ನನಗೂ ಪ್ರಾಣ, ಆದರೆ ಜಾಯಿಕಾಯಿ, ಬೆಳ್ಳುಳ್ಳಿಯ ಜೊತೆ ಓವನ್ನಿನಲ್ಲಿ ಬೆಂದಾಗ ತಟ್ಟೆಯಲ್ಲಿ ತೆಂಗಿನಕಾಯಿ ಬಿಟ್ಟು ಬೇರೆ ರುಚಿಯೇ ನಿಲ್ಲುವುದಿಲ್ಲ. ಅದು ಬೇರೆ ಅಡುಗೆ, ರುಚಿಯಾದ ಅಡುಗೆಯೇ ಇರಬಹುದು. ಗ್ರಾತಾಂ ಅಲ್ಲ.

ಹೀಗೆ ಒಂದು ಚಳಿಗಾಲವಿಡೀ ಹೋಯಿತು. ಆಮೇಲೆ ಧಾರವಾಡದಿಂದ ನಮ್ಮ ಅತ್ತಿ ಬಂದರು, ಮೂರು ತಿಂಗಳಿದ್ದರು. ನಾನು ಡಬ್ಬಿಗಳ ಲೇಬಲ್ ಓದುತ್ತ ಕೂತದ್ದನ್ನು ನೋಡಿ ಒಂದು ದಿನ, "ಎಣ್ಣಿಗಾಯಿಗೆ ಯಾರರೆ ಕೆನಿ ಹಾಕ್ತಾರೇನವಾ? ಗುರೆಳ್ಳ ಪುಡಿ, ಶೇಂಗಾ ಪುಡಿ ಹಾಕಿದ್ರ ತಾನ ದಪ್ಪ ಆಗತೈತಿ" ಅಂದರು. ಅವರು ಹೇಳಿದ್ದು ಬದನೆಕಾಯಿಯ ಮಾತು. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಊರಲ್ಲಿ ಬೆಳೆಯುವ ಎಣ್ಣೆಕಾಳನ್ನು ಪುಡಿ ಮಾಡಿ ಪಲ್ಯಕ್ಕೆ ಮೈ ತುಂಬುವುದು ನಮ್ಮ ಪದ್ಧತಿ. ಹಾಗಾದರೆ ಈ ಊರಿನ ಎಣ್ಣೆಕಾಳು ಯಾವುದು?

ಉತ್ತರ ಕಿಟಕಿಯ ಹೊರಗೇ ಇತ್ತು. ಇಸೇರ್ ನದಿಯ ಕಣಿವೆಯುದ್ದಕ್ಕೂ ಅಕ್ರೋಟದ ತೋಟಗಳು. ಗ್ರೆನೋಬ್ಲಿನ ಅಕ್ರೋಟಕ್ಕೆ 1938ರಲ್ಲೇ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಫ್ರಾಂಕೆಟ್, ಮಾಯೆಟ್, ಪಾರಿಸಿಯೆನ್ ಎಂದು ಅದರಲ್ಲಿ ಮೂರು ತಳಿ. ಮೊದಲೆಲ್ಲ ಈ ಕಡೆಯ ರೈತರ ಮನೆಗಳಲ್ಲಿ ಅಕ್ರೋಟದ ಎಣ್ಣೆ ಅಡುಗೆಗೂ ಬಳಕೆಯಾಗುತ್ತಿತ್ತು. ಎಸ್ತಕಾದ್ ಸಂತೆಯಲ್ಲಿ, ಅಂದರೆ ರೈಲು ಹಳಿಯ ಕೆಳಗೆ ನಡೆಯುವ ನಮ್ಮ ತರಕಾರಿ ಸಂತೆಯಲ್ಲಿ, ಅಷ್ಟು ವರ್ಷ ನಾನು ಆಲೂಗಡ್ಡೆಯನ್ನೂ ಅಕ್ರೋಟವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ.

ಇನ್ನೊಂದು ಸುಳಿವು ಫ್ರೆಂಚ್ ಅಡುಗೆಯ ಒಳಗೇ ಸಿಕ್ಕಿತು. ಪೊಮ್ ಬುಲಾಂಜೆರ್ ಅಂತ ಒಂದು ಅಡುಗೆ ಇದೆ, ಬ್ರೆಡ್ ಭಟ್ಟಿಯ ಆಲೂಗಡ್ಡೆ ಅಂತ ಅರ್ಥ. ಭಾನುವಾರ ಚರ್ಚಿಗೆ ಹೋಗುವಾಗ ಹೆಂಗಸರು ಆಲೂಗಡ್ಡೆ, ಈರುಳ್ಳಿ ತುಂಬಿದ ತಟ್ಟೆಯನ್ನು ಬ್ರೆಡ್ಡಿನವನ ಹತ್ತಿರ ಬಿಟ್ಟು ಹೋಗುತ್ತಿದ್ದರು, ಬ್ರೆಡ್ ಬೆಂದಾದ ಮೇಲೆ ಭಟ್ಟಿಯಲ್ಲಿ ಉಳಿದ ಕಾವಿಗೆ ಅದು ಬೇಯುತ್ತಿತ್ತು. ಅದಕ್ಕೆ ಹಾಲೂ ಇಲ್ಲ, ಕೆನೆಯೂ ಇಲ್ಲ, ಬರೀ ತಿಳಿ ಸಾರು. ಅದನ್ನು ದಪ್ಪಗೆ ಮಾಡುವುದು ಆಲೂಗಡ್ಡೆಯದೇ ಗಂಜಿ.

ಹಾಲಿಲ್ಲದ ಫ್ರೆಂಚ್ ಅಡುಗೆ ಅಂದರೆ ಈಗಿನವರ ಖಯಾಲಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು ಹೇಳಬೇಕು. ಮಧ್ಯಯುಗದಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಮಾಂಸದ ಜೊತೆ ಹಾಲು, ಬೆಣ್ಣೆ, ಮೊಟ್ಟೆಯೂ ವರ್ಜ್ಯವಾಗಿದ್ದವು. ಶ್ರೀಮಂತರ ಅಡುಗೆಮನೆಯಲ್ಲಿ ಆಗ ಬಾದಾಮಿ ಹಾಲು ಓಡಾಡುತ್ತಿತ್ತು, 14ನೇ ಶತಮಾನದ ಫ್ರೆಂಚ್ ಅಡುಗೆ ಪುಸ್ತಕಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ರೂಆಂ ನಗರದ ದೊಡ್ಡ ಚರ್ಚಿಗೆ ಬೆಣ್ಣೆಯ ಗೋಪುರ ಅಂತಲೇ ಒಂದು ಗೋಪುರವಿದೆ. ಲೆಂಟಿನಲ್ಲಿ ಬೆಣ್ಣೆ ತಿನ್ನಲು ಅನುಮತಿ ಬೇಡಿದವರು ಕೊಟ್ಟ ಕಾಣಿಕೆಯಿಂದ 15ನೇ ಶತಮಾನದ ಕೊನೆಗೆ ಅದನ್ನು ಕಟ್ಟಲು ಶುರು ಮಾಡಿದರು ಎಂದು ಹೇಳುತ್ತಾರೆ. 2017ರ ಜೂನಿನಲ್ಲಿ ಐರೋಪ್ಯ ನ್ಯಾಯಾಲಯ, ಸಸ್ಯದಿಂದ ಮಾಡಿದ್ದಕ್ಕೆ ಹಾಲು, ಕೆನೆ, ಬೆಣ್ಣೆ ಎಂಬ ಹೆಸರಿಟ್ಟು ಮಾರುವಂತಿಲ್ಲ ಅಂದಿತು. ಹಿಂದಿನಿಂದ ಬಳಕೆಯಲ್ಲಿದ್ದ ಕೆಲವು ಹೆಸರುಗಳಿಗೆ ಮಾತ್ರ ವಿನಾಯಿತಿ. ಫ್ರೆಂಚಿನಲ್ಲಿ ಬಾದಾಮಿ ಹಾಲು ಆ ಪಟ್ಟಿಯಲ್ಲಿದೆ.

ಈಗ ನಾನು ಮಾಡುವ ರೀತಿ. ಒಂದು ಕೆಜಿ ಶಾರ್ಲೊಟ್ ತಳಿಯ ಆಲೂಗಡ್ಡೆ ಆರು ಜನಕ್ಕೆ ಸಾಕು. ಸಾರಿಗೆ 15 ಗ್ರಾಂ ಒಣಗಿದ ಸೆಪ್ ಅಣಬೆ, ಲೀಕಿನ (ಈರುಳ್ಳಿ ಜಾತಿಯ ತರಕಾರಿ) ಹಸಿರು ತುದಿ, ಎರಡು ಎಸಳು ಬೆಳ್ಳುಳ್ಳಿ, ಲಾರೆಲ್ ಎಲೆ (ಬೇ ಲೀಫ್), ನಾಲ್ಕು ಕಾಳು ಮೆಣಸು, ಉಪ್ಪು ಹಾಕಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದರೆ 600 ಮಿ.ಲೀ. ಉಳಿಯಬೇಕು. ಅಣಬೆಯನ್ನು ಬಿಸಾಡಬೇಡಿ, ಹೆಚ್ಚಿಟ್ಟುಕೊಳ್ಳಿ. ಎರಡು ದೊಡ್ಡ ಈರುಳ್ಳಿಯನ್ನು ಎರಡು ಚಮಚ ಆಲಿವ್ ಎಣ್ಣೆಯಲ್ಲಿ ಥೈಮ್ ಎಂಬ ಪರಿಮಳದ ಸೊಪ್ಪಿನ ಜೊತೆ ಇಪ್ಪತ್ತೈದು ನಿಮಿಷ ಬಾಡಿಸಿ. ಈ ಇಪ್ಪತ್ತೈದು ನಿಮಿಷದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಹಾಲಿನ ಪ್ರೋಟೀನು ಮತ್ತು ಸಕ್ಕರೆ ಕೂಡಿ ಓವನ್ನಿನಲ್ಲಿ ಬರುತ್ತಿದ್ದ ಆ ಕಂದು ಬಣ್ಣದ ರುಚಿ ಈಗ ಈರುಳ್ಳಿಯಿಂದಲೇ ಬರಬೇಕು.

ಆಲೂಗಡ್ಡೆಯನ್ನು ಸಿಪ್ಪೆ ತೆಗೆಯುವ ಮೊದಲೇ ತೊಳೆದುಬಿಡಿ. ಮೂರು ಮಿ.ಮೀ. ದಪ್ಪಕ್ಕೆ ಚಿಪ್ಸ್ ಮಣೆಯಲ್ಲಿ ಹೆರೆದ ಮೇಲೆ ಯಾವ ಕಾರಣಕ್ಕೂ ನೀರು ತಾಕಿಸಬೇಡಿ. ನಮಗೆಲ್ಲ ಹೆಚ್ಚಿದ ಆಲೂಗಡ್ಡೆಯನ್ನು ನೀರಲ್ಲಿ ಹಾಕಿಡುವ ಅಭ್ಯಾಸ, ಚಿಪ್ಸಿಗೆ ಅದು ಸರಿ. ಇಲ್ಲಿ ಆ ನೀರಿನ ಜೊತೆ ಚೆಲ್ಲಿ ಹೋಗುವುದು ನಮ್ಮ ಕೆನೆಯೇ. ಬಿಲ್ಲೆಗಳನ್ನು ಸೀದಾ ಸಾರಿಗೆ ಹಾಕಿ ಐದಾರು ನಿಮಿಷ ಕುದಿಸಿದರೆ ಸಾರು ಅನ್ನದ ಗಂಜಿಯ ಹಾಗೆ ಮಂದವಾಗುತ್ತದೆ. ಮೊದಲ ಸಲ ಆ ಸೌಟು ಎತ್ತಿ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ಅಷ್ಟು ದಿನ ಡಬ್ಬಿಗಳಲ್ಲಿ ಹುಡುಕಿದ ನುಣುಪು ಅದರಲ್ಲಿತ್ತು.

ತಟ್ಟೆಗೆ ಬೆಳ್ಳುಳ್ಳಿ ಉಜ್ಜಿ, ಬಿಲ್ಲೆ, ಈರುಳ್ಳಿ, ಅಣಬೆ, ಜಾಯಿಕಾಯಿ ತುರಿ ಹೀಗೆ ಪದರ ಪದರವಾಗಿ ಹಾಸಿ, ಸಾರು ಸುರಿದು 180 ಡಿಗ್ರಿಯಲ್ಲಿ ಒಂದು ಗಂಟೆ. ನಡುವೆ ಎರಡು ಸಲ ಚಪ್ಪಟೆ ಸೌಟಿನಿಂದ ಒತ್ತಿ. ಕೊನೆಯ ಹದಿನೈದು ನಿಮಿಷಕ್ಕೆ, 40 ಗ್ರಾಂ ಹಳೆಯ ಬ್ರೆಡ್ಡಿನ ಪುಡಿಗೆ 40 ಗ್ರಾಂ ಜಜ್ಜಿದ ಅಕ್ರೋಟ, ಒಂದು ಚಮಚ ಆಲಿವ್ ಎಣ್ಣೆ ಕಲಸಿ ಮೇಲೆ ಉದುರಿಸಿ (ಬ್ರೆಡ್ಡಿನ ಲೇಬಲ್ ಓದಿ, ಕೆಲವದರಲ್ಲಿ ಹಾಲಿನ ಪುಡಿ ಇರುತ್ತದೆ). ಅಕ್ರೋಟದ ಎಣ್ಣೆ ಕಾವಿಗೆ ಕಹಿಯಾಗುತ್ತದೆ, ತಟ್ಟೆಯನ್ನು ಹೊರಗೆ ತೆಗೆದ ಮೇಲೆ ಅದನ್ನು ಒಂದು ಟೀ ಚಮಚದಷ್ಟು ಚಿಮುಕಿಸಿ. ಕಾಲು ಗಂಟೆ ಬಿಟ್ಟರೆ ಉಳಿದ ಸಾರೆಲ್ಲ ಒಳಗೆ ಇಂಗುತ್ತದೆ.

ಹಗುರ ಎಷ್ಟು ಎಂದು ಲೆಕ್ಕ ಹಾಕಿದೆ. ಅರ್ಧ ಲೀಟರ್ ಹಾಲು, ಅರ್ಧ ಲೀಟರ್ 30 ಶೇಕಡಾ ಕೊಬ್ಬಿನ ಕೆನೆ ಹಾಕಿದ ಗ್ರಾತಾಂನಲ್ಲಿ ಒಬ್ಬರ ಪಾಲಿಗೆ ಸುಮಾರು 28 ಗ್ರಾಂ ಕೊಬ್ಬು. ಇದರಲ್ಲಿ ಸುಮಾರು 12. ಆದರೆ ನಾನು ಇದನ್ನು ಇಷ್ಟಪಡುವುದು ಆ ಅಂಕಿಗಾಗಿ ಅಲ್ಲ. ಕೆನೆ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು, ಈಗ ಆಲೂಗಡ್ಡೆಯ ರುಚಿ ನಾಲಿಗೆಗೆ ತಿಳಿಯುತ್ತದೆ. ಕೆನೆಯ ಆ ಸಣ್ಣ ಹುಳಿ ಇದರಲ್ಲಿ ಬರುವುದಿಲ್ಲ, ಅದು ನಿಜ, ಬರಲಿ ಎಂದು ನಿಂಬೆ ಹಿಂಡಿಯೂ ನೋಡಿದೆ, ಹೊಂದಲಿಲ್ಲ.

ಇದಕ್ಕೆ ಏನಂತ ಹೆಸರು? ಮೇಲಿನ ಮಹಡಿಯ ಅಜ್ಜಿ ಇದೇ ಊರಲ್ಲಿ ಹುಟ್ಟಿದವರು, ತಿಂದು, ಚೆನ್ನಾಗಿದೆ, ಆದರೆ ದೊಫಿನ್ವಾ ಅನ್ನಬೇಡ ಎಂದರು. ಅವರ ಮಾತು ಸರಿ, ನಾನು ಅನ್ನುವುದಿಲ್ಲ. ಗ್ರಾತಾಂ ಅಂತ ಮಾತ್ರ ಅನ್ನುತ್ತೇನೆ. ಆ ಪದ ಹುಟ್ಟಿದ್ದೇ ಕೆರೆಯುವುದು ಎಂಬ ಕ್ರಿಯಾಪದದಿಂದ, ತಟ್ಟೆಗೆ ಅಂಟಿ ಗರಿಗರಿಯಾದ ಪದರಕ್ಕೆ ಆ ಹೆಸರು. ತುಪ್ಪ ಕಾಸಿದ ಪಾತ್ರೆಯ ತಳ ಕೆರೆದು ಸಕ್ಕರೆ ಹಾಕಿಕೊಂಡು ತಿಂದ ನಮಗೆ ಅದರ ಸುಖ ಗೊತ್ತು. ಮಗಳಿಗೆ ತುಪ್ಪದ ಪಾತ್ರೆ ಸಿಗುವುದಿಲ್ಲ. ಈ ತಟ್ಟೆಯ ನಾಲ್ಕು ಮೂಲೆಯೂ ಅವಳದೇ.

ಇಲ್ಲಿಯ ಶಾಲೆಗಳಲ್ಲಿ ಅಲರ್ಜಿ ಇರುವ ಮಕ್ಕಳು ವೈದ್ಯರ ಪತ್ರದ ಮೇಲೆ ಮನೆಯಿಂದ ಡಬ್ಬಿ ಒಯ್ಯಲು ಅವಕಾಶವಿದೆ. ಕ್ಯಾಂಟೀನಿನ ಪಟ್ಟಿಯಲ್ಲಿ ಗ್ರಾತಾಂ ಎಂದಿರುವ ದಿನ ನಾನೂ ಹಿಂದಿನ ರಾತ್ರಿ ಇದನ್ನು ಮಾಡಿಟ್ಟು ಕಳಿಸುತ್ತೇನೆ. ಆ ಡಬ್ಬಿಗೆ ಮಾತ್ರ ಅಕ್ರೋಟ ಹಾಕುವುದಿಲ್ಲ, ಬರೀ ಬ್ರೆಡ್ ಪುಡಿ. ಅವಳ ಪಕ್ಕ ಕೂರುವ ಮಗುವಿಗೆ ಅಕ್ರೋಟ ಆಗದಿರಬಹುದು.