ಇಲಿಯ ಬಾಲ ಹಿಡಿದು

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಮಣಿಕಟ್ಟಿನ ನೋವಿಗೆ ಕನ್ನಡಿಯೂ ಸಾಲದು. ಊತವಿಲ್ಲ, ಗಾಯವಿಲ್ಲ. "ಅಂಥಾದ್ದು ಏನು ಭಾರ ಎತ್ತಿದಿರಿ?" ಎಂದು ಮನೆಯವರು ಕೇಳಿದರೆ ಮೌಸ್ ಅನ್ನಲು ನಾಚಿಕೆ. ಅದನ್ನೂ ಎತ್ತಿರಲಿಲ್ಲ, ಜಾರಿಸಿದ್ದೆ ಅಷ್ಟೆ.

ಪಾಪ, ಆ ಇಲಿಯದೇನೂ ತಪ್ಪಿಲ್ಲ. ಅಮೆರಿಕದ ಎಂಜಿನಿಯರ್ ಡಗ್ಲಾಸ್ ಎಂಗೆಲ್‌ಬಾರ್ಟ್ ಕಂಡ ಮೌಸಿನ ಕನಸಿಗೆ 1964ರಲ್ಲಿ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಕಟ್ಟಿಕೊಟ್ಟದ್ದು ಮರದ ಪುಟ್ಟ ಡಬ್ಬಿ: ಒಂದು ಗುಂಡಿ, ಹೊಟ್ಟೆಯಡಿ ಎರಡು ಚಕ್ರ. ದಿನವಿಡೀ ಅದರ ಬೆನ್ನು ಸವರುತ್ತ ಕೂತವರು ನಾವು. ಅಂಗೈಯನ್ನು ಮೇಜಿನ ಕಡೆ ಮಗುಚಿದರೆ ಮುಂಗೈಯ ಎರಡು ಮೂಳೆಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಹಾಗೇ ಎಂಟು ಗಂಟೆ ಇಟ್ಟರೆ ಕೈ ಸುಮ್ಮನಿದ್ದೀತೇ?

ಮೊದಲು ತಂದದ್ದು ನಿಂತ ಮೌಸ್. ಯಾರಿಗೋ ಹಸ್ತಲಾಘವ ಕೊಟ್ಟಂತೆ ಹಿಡಿಯಬೇಕು. ಕ್ಲಿಕ್ ಮಾಡಹೋದರೆ ಗುಂಡಿಯ ಜೊತೆ ಮೌಸೇ ಪಕ್ಕಕ್ಕೆ ಸರಿಯುತ್ತಿತ್ತು. ಕೀಬೋರ್ಡಿನಿಂದ ಅವಸರದಲ್ಲಿ ಕೈ ಚಾಚಿದರೆ ಮಗುಚಿ ಬೀಳುತ್ತಿತ್ತು. ಎರಡು ವಾರಕ್ಕೆ ಮಣಿಕಟ್ಟು ತಣ್ಣಗಾಯಿತು, ನೋವು ಭುಜಕ್ಕೆ ಹತ್ತಿತು. ಕಾರಣ ಹುಡುಕಿದರೆ ಕೀಬೋರ್ಡಿನ ಬಲತುದಿಯ ಅಂಕೆಗಳ ಗುಂಪು! ನಾನು ತಿಂಗಳಿಗೊಮ್ಮೆಯೂ ಮುಟ್ಟದ ಆ ಹದಿನೇಳು ಕೀಲಿಗಳನ್ನು ದಾಟಿ ದಿನವಿಡೀ ತೋಳು ಚಾಚುತ್ತಿದ್ದೆ. ಅವಿಲ್ಲದ ಗಿಡ್ಡ ಕೀಬೋರ್ಡ್ ಬಂದ ಮೇಲೆ ಮೌಸ್ ಒಂದು ಗೇಣು ಒಳಗೆ ಸರಿಯಿತು, ಭುಜ ಇಳಿಯಿತು. ಮೌಸ್ ಕೊಳ್ಳುವ ಮುಂಚೆ ಅದಕ್ಕೆ ಜಾಗ ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಟ್ರ್ಯಾಕ್‌ಬಾಲ್: ತಾನು ಕೂತಲ್ಲೇ ಕೂತಿರುತ್ತದೆ, ಮೇಲಿನ ಚೆಂಡನ್ನು ಉರುಳಿಸಿದರೆ ಪರದೆಯ ಬಾಣ ಓಡುತ್ತದೆ. ಇದು ಮೌಸಿಗಿಂತ ಹಿರಿಯ. 1950ರ ದಶಕದ ಆರಂಭದಲ್ಲೇ ಕೆನಡಾದ ನೌಕಾಪಡೆಗಾಗಿ ಮಾಡಿದ ಒಂದರಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಕೂರಿಸಿದ್ದರು. ನನ್ನದು ಹೆಬ್ಬೆರಳಲ್ಲಿ ಉರುಳಿಸುವಂಥದ್ದು. ಕೈ ಕದಲುವುದೇ ಬೇಡ, ರಾಜವೈಭೋಗ! ಆದರೆ ಇಡೀ ಕೈಯ ಕೂಲಿಯನ್ನು ಹೆಬ್ಬೆರಳೊಂದೇ ಮಾಡಬೇಕು. ಸಂಜೆಯೆಲ್ಲ ಫೋನಿನಲ್ಲಿ ಅದೇ ಬೆರಳು ದುಡಿಯುವುದರಿಂದ ತಿಂಗಳೊಳಗೆ ಅದರ ಬುಡ ಮುಷ್ಕರ ಹೂಡಿತು. ಫೋನು ಬಿಡದ ನನ್ನಂಥವರು ಚೆಂಡು ನಡುವೆ ಇದ್ದು ಉಳಿದ ಬೆರಳುಗಳಿಂದ ಉರುಳಿಸುವಂಥದ್ದನ್ನು ಕೊಳ್ಳುವುದು ವಾಸಿ. ಆದರೂ ನನ್ನದನ್ನು ಬಿಸಾಡಲು ಮನಸ್ಸಿಲ್ಲ. ವಾರಕ್ಕೊಮ್ಮೆ ಚೆಂಡನ್ನು ಹಿಂದಿನಿಂದ ಒತ್ತಿ ಹೊರತೆಗೆದು, ಅದು ಕೂರುವ ಕುಳಿಯೊಳಗಿನ ಮೂರು ಸಣ್ಣ ಮಣಿಗಳಿಗೆ ಮೆತ್ತಿದ ಬೂದು ಕೊಳೆಯನ್ನು ಉಗುರಿನಲ್ಲಿ ಕೆರೆಯುವ ಸುಖ ಇನ್ನೆಲ್ಲೂ ಸಿಕ್ಕದು.

ಟಚ್‌ಪ್ಯಾಡಿಗೆ ಒಂದೇ ಮಾತು: ಒತ್ತಬೇಡಿ, ತಟ್ಟಿ.

ಈಗ ನೋವನ್ನು ಹಂಚಿ ತಿನ್ನುತ್ತಿದ್ದೇನೆ. ಬೆಳಿಗ್ಗೆ ನಿಂತ ಮೌಸ್, ಊಟದ ನಂತರ ಎರಡೂ ಕೈಗೆ ಒಗ್ಗುವ ಸಾದಾ ಮೌಸ್, ಅದೂ ಎಡಗೈಗೆ. ಗುಂಡಿಗಳನ್ನು ಅದಲುಬದಲು ಮಾಡಿಲ್ಲ. ಮಾಡಿದರೆ ಬಲಗೈ ಎಡವುತ್ತದೆ. ಇಷ್ಟು ವರ್ಷ ಉಂಡಾಡಿಯಾಗಿದ್ದ ಎಡಗೈ ಈಗ ಅಕ್ಷರ ತಿದ್ದುವ ಮಗುವಿನ ಹಾಗೆ ಬಾಣವನ್ನು ಎಳೆಯುತ್ತದೆ. ಮೊನ್ನೆ ಮೀಟಿಂಗಿನಲ್ಲಿ ನನ್ನ ಪರದೆ ತೋರಿಸುವಾಗ ಅದು ತೂರಾಡುವುದನ್ನು ಕಂಡು ಒಬ್ಬರು, "ಸರ್, ನಿಮ್ಮ ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ" ಎಂದರು.

ಹೌದೆಂದುಬಿಟ್ಟೆ.