ಸತ್ಯಾಂಶ: ಪೋಕರ್‌ನಲ್ಲಿ ತಪ್ಪಾಗಿ ಇಟ್ಟ ಚಿಪ್ ವಾಪಸ್ ಪಡೆಯಬಹುದೇ?

‘ಮುಂದಿನವರು ಆಡುವ ಮೊದಲು ತಪ್ಪಾಗಿ ಇಟ್ಟ ಚಿಪ್ (ಪಣಕ್ಕೆ ಇಡುವ ಬಿಲ್ಲೆ) ಹಿಂದಕ್ಕೆ ತೆಗೆದುಕೊಳ್ಳಬಹುದು’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಅದು ತಪ್ಪು. ಹೆಚ್ಚಿನ ಟೂರ್ನಮೆಂಟ್‌ಗಳು ಅನುಸರಿಸುವ ಟಿಡಿಎ (ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್) ನಿಯಮಗಳಲ್ಲಿ ಮೊತ್ತವನ್ನು ನಿಯಮವೇ ನಿರ್ಧರಿಸುತ್ತದೆ.

ನೋ-ಲಿಮಿಟ್ (ಬೆಟ್‌ಗೆ ಗರಿಷ್ಠ ಮಿತಿ ಇಲ್ಲದ) ಆಟ, ಫ್ಲಾಪ್ (ಮೇಜಿನ ಮೇಲೆ ತೆರೆದಿಡುವ ಮೊದಲ ಮೂರು ಎಲೆ) ಬಿದ್ದಿದೆ, ಎದುರಾಳಿಯ ಬೆಟ್ (ಪಣ) 1,000 ಎನ್ನಿ. ಕನಿಷ್ಠ ರೈಸ್ (ಬೆಟ್ ಏರಿಸುವುದು) ಎಂದರೆ ಅದರ ಮೇಲೆ ಇನ್ನೊಂದು 1,000, ಒಟ್ಟು 2,000. ಬಾಯಿ ಬಿಡದೆ 1,400 ಇಟ್ಟರೆ ಹೆಚ್ಚುವರಿ 400 ಮಾತ್ರ. ಆ 1,000ದ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಕಾಲ್ (ಎದುರಾಳಿಯ ಬೆಟ್‌ಗೆ ಸಮನಾಗಿ ಇಡುವುದು), 400 ವಾಪಸ್. 1,500 ಇಟ್ಟರೆ ಅರ್ಧ ಮುಟ್ಟಿತು. ಇನ್ನೂ 500 ಸೇರಿಸಲೇಬೇಕು.

ಹೆಚ್ಚು ಜನ ಎಡವುವುದು ಒಂಟಿ ಚಿಪ್‌ನಲ್ಲಿ. ಅದೇ ಬೆಟ್‌ಗೆ ಮಾತಾಡದೆ ಒಂದೇ 5,000ದ ಚಿಪ್ ಇಟ್ಟರೆ ಅದು ಕಾಲ್, 4,000 ಚಿಲ್ಲರೆ. ಯಾರೂ ಬೆಟ್ ಮಾಡದಿದ್ದಾಗ ಇಟ್ಟರೆ ಪೂರ್ತಿ 5,000ದ ಬೆಟ್. ಮೊದಲು ಮೊತ್ತ ಹೇಳಿ, ಆಮೇಲೆ ಚಿಪ್ ಮುಟ್ಟಿ.