ಟ್ರೇಲರ್ ಕೊಳ್ಳುವ ಮುನ್ನ ಕಾರಿನ ಬಾಗಿಲು ತೆರೆದು ನೋಡಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದು ಅಮೆರಿಕದಲ್ಲಿ ನೆಲೆಸಿರುವ ನಮ್ಮಂಥ ಕುಟುಂಬಗಳು, ಎರಡನೆಯದೋ ಮೂರನೆಯದೋ ಮಗು ಬರುವ ಹೊತ್ತಿಗೆ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಹಾಸಿಗೆ ಅಡುಗೆಮನೆಗಳಿರುವ ಗಾಲಿ ಮನೆ, ಕೊಳ್ಳುವ ಮಾತೆತ್ತುವುದನ್ನು ಡೆನ್ವರ್‌ನಲ್ಲಿ ಮತ್ತೆ ಮತ್ತೆ ಕೇಳುತ್ತಿರುತ್ತೇನೆ. ಆಸೆ ಒಳ್ಳೆಯದೇ. ಆದರೆ ಆರಿಸುವಾಗ ಊರಿನಿಂದ ಬಂದ ಒಂದು ಅಭ್ಯಾಸ ನಮ್ಮನ್ನು ದಾರಿ ತಪ್ಪಿಸುತ್ತದೆ. ಬೆಳೆಯುವ ಮಕ್ಕಳಿಗೆ ಶಾಲೆಯ ಯೂನಿಫಾರ್ಮನ್ನು ಒಂದು ಅಳತೆ ದೊಡ್ಡದಾಗಿಯೇ ಹೊಲಿಸಿ, ಅಂಚನ್ನು ಒಳಗೆ ಮಡಚಿ, ವರ್ಷವರ್ಷ ಬಿಚ್ಚುತ್ತಾ ಹೋಗುವವರು ನಾವು. ಟ್ರೇಲರನ್ನೂ ಹಾಗೆಯೇ, ಮುಂದಕ್ಕೆ ಆಗುತ್ತದೆ ಎಂದು ದೊಡ್ಡದನ್ನೇ ಕೊಳ್ಳಲು ಹೊರಡುತ್ತೇವೆ. ಅದನ್ನು ಎಳೆಯುವ ಕಾರು ಮಾತ್ರ ಮಕ್ಕಳ ಜೊತೆ ಬೆಳೆಯುವುದಿಲ್ಲ.

ಕಳೆದ ಸಲ ಹಾಸನಕ್ಕೆ ಬಂದಿದ್ದಾಗ, ಸಕಲೇಶಪುರದ ಹತ್ತಿರ ಕಾಫಿ ತೋಟವಿರುವ ನಮ್ಮ ಭಾವ ಇದನ್ನೇ ಕೇಳಿದರು: “ಕಾರು ಐದು ಸಾವಿರ ಪೌಂಡ್ ಎಳೆಯುತ್ತೆ ಅಂತ ಕಂಪನಿಯವರೇ ಹೇಳಿರುವಾಗ ನೀನು ಇನ್ನೇನು ಲೆಕ್ಕ ಹಾಕೋದು?” ನಾನು, “ಭಾವ, ಎಳೆಯೋದು ಬೇರೆ, ಹೊರೋದು ಬೇರೆ” ಎಂದೆ. ಹಗುರ ಟ್ರೇಲರ್ ಆಯ್ಕೆಯಲ್ಲಿ ತಿಳಿದುಕೊಳ್ಳಬೇಕಾದದ್ದರಲ್ಲಿ ಬಹುಪಾಲು ಈ ಮಾತಿನಲ್ಲೇ ಇದೆ.

ಪೆಟ್ರೋಲ್ ಟೊಯೊಟಾ ಹೈಲ್ಯಾಂಡರ್, ಆಲ್ ವೀಲ್ ಡ್ರೈವ್ ಇರುವ ಹೋಂಡಾ ಪೈಲಟ್‌ನಂಥ ಕುಟುಂಬದ ಎಸ್‌ಯುವಿಗಳಿಗೆ 5,000 ಪೌಂಡ್, ಅಂದರೆ ಸುಮಾರು 2,270 ಕೆಜಿ ಎಳೆಯುವ ಸಾಮರ್ಥ್ಯವಿದೆ. ಅದೇ ಹೈಲ್ಯಾಂಡರ್‌ನ ಹೈಬ್ರಿಡ್ ಮಾದರಿಗೆ 3,500 ಪೌಂಡ್ ಮಾತ್ರ. ಆದರೆ ಟ್ರೇಲರ್ ತನ್ನ ಭಾರವನ್ನೆಲ್ಲ ತನ್ನ ಚಕ್ರಗಳ ಮೇಲೆಯೇ ಹೊರುವುದಿಲ್ಲ. ಅದರ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಕ್ಕೆಯ ಮೂಲಕ ಕಾರಿನ ಹಿಂಭಾಗದ ಮೇಲೆ ಕೂರುತ್ತದೆ, ಕೂರಲೇಬೇಕು. ಅದು ಹತ್ತಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಹಾವಿನಂತೆ ಓಲಾಡತೊಡಗಬಹುದು. ಕಾರು ಹೊರಬಹುದಾದ ಗರಿಷ್ಠ ಭಾರವನ್ನು ಚಾಲಕನ ಬಾಗಿಲು ತೆರೆದರೆ ಕಾಣುವ ಕಂಬದ ಮೇಲಿನ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಮಾರಾಟಗಾರರು ಎಳೆಯುವ ಸಾಮರ್ಥ್ಯವನ್ನೇ ಹೇಳುತ್ತಾರೆಯೇ ಹೊರತು ಆ ಚೀಟಿಯನ್ನು ತೋರಿಸುವವರು ಅಪರೂಪ.

ಚೀಟಿಯಲ್ಲಿ 640 ಕೆಜಿ ಎಂದಿದೆ ಎಂದುಕೊಳ್ಳಿ. ಸಾಮಾನು ತುಂಬಿದ ಟ್ರೇಲರ್ 1,800 ಕೆಜಿ ಇದ್ದರೆ ಕೊಕ್ಕೆಯ ಮೇಲೆ ಸುಮಾರು 225 ಕೆಜಿ ಬೀಳುತ್ತದೆ. ಕೊಕ್ಕೆಯ ಭಾರವನ್ನು ಹಂಚುವ ಹಿಚ್ ಎಂಬ ಜೋಡಣೆಗೆ 35 ಕೆಜಿ ಕಳೆಯಿರಿ. ಗಂಡ ಹೆಂಡತಿ ಸೇರಿ 145, ಮೂರು ಮಕ್ಕಳು ತಮ್ಮ ಕಾರ್ ಸೀಟುಗಳ ಸಮೇತ 100, ಉಳಿಯುವುದು 135. ಇಲ್ಲಿಯವರೆಗೆ ತೊಂದರೆಯಿಲ್ಲ. ಬೇಸಿಗೆಯಲ್ಲಿ ಊರಿನಿಂದ ಅಪ್ಪ, ಅಮ್ಮ ಬಂದು ಮೂರನೆಯ ಸಾಲಿನಲ್ಲಿ ಕುಳಿತರೆ ಇನ್ನೊಂದು 125 ಕೆಜಿ ಹೋಗಿ ಹತ್ತೇ ಕೆಜಿ ಉಳಿಯುತ್ತದೆ. ಒಂದು ಐಸ್ ಪೆಟ್ಟಿಗೆ ಇಟ್ಟರೆ ಅದೂ ಮುಗಿಯಿತು. ಸೀಟು ಏಳಿವೆ, ಏಳು ಜನ ಕುಳಿತಿದ್ದಾರೆ, ಎಳೆಯುವ ಸಾಮರ್ಥ್ಯ ಇನ್ನೂ ಬಾಕಿಯಿದೆ, ಆದರೂ ಗಾಡಿ ತನ್ನ ಮಿತಿಯ ಅಂಚಿನಲ್ಲಿದೆ. ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ನಮ್ಮ ಮಾತಿಗೆ ಟೈರು, ಬ್ರೇಕುಗಳು ಕಿವಿಗೊಡುವುದಿಲ್ಲ.

ಟ್ರೇಲರ್‌ನ ಬಾಗಿಲ ಬಳಿಯೂ ಇಂಥದೇ ಚೀಟಿ ಇರುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಖಾಲಿ ತೂಕವನ್ನು. ಖಾಲಿ ಟ್ರೇಲರ್ ಒಯ್ಯುವವರು ಯಾರೂ ಇಲ್ಲ. 110 ಲೀಟರ್ ತೊಟ್ಟಿ ತುಂಬಿದರೆ ನೀರೇ 110 ಕೆಜಿ. ಬ್ಯಾಟರಿ, ಗ್ಯಾಸ್, ಹಾಸಿಗೆ, ಪಾತ್ರೆ, ಅಕ್ಕಿ ಬೇಳೆ ಎಲ್ಲ ಸೇರಿದ ಮೇಲಿನ ತೂಕವೇ ನಿಜವಾದ ತೂಕ. ಡೆನ್ವರ್‌ನಂಥ ಎತ್ತರದ ಊರಿನಲ್ಲಿ ಇನ್ನೂ ಒಂದು ಮಾತಿದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ನೂರಕ್ಕೆ ಸುಮಾರು ಮೂರು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಇರುವುದು ಸುಮಾರು 1,930 ಮೀಟರ್. ಇಲ್ಲಿಯ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 3,400 ಮೀಟರಿನಲ್ಲಿದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಶಿರಾಡಿ ಘಾಟಿಯ ಲಾರಿ ಚಾಲಕರು ಹೇಳುವ ಪಾಠ ಇಲ್ಲಿಗೂ ಅಕ್ಷರಶಃ ಸಲ್ಲುತ್ತದೆ.

ಒಳಗಿನ ವಿನ್ಯಾಸದ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ: ಮಕ್ಕಳಿಗೆ ಒಂದರ ಮೇಲೊಂದು ಇರುವ ಸ್ಥಿರ ಬಂಕ್ ಹಾಸಿಗೆಗಳು ಬೇಕೇ ಬೇಕು. ಊಟದ ಮೇಜನ್ನು ಇಳಿಸಿ ಹಾಸಿಗೆ ಮಾಡುವ ಏರ್ಪಾಡು ಅಂಗಡಿಯಲ್ಲಿ ಜಾಣತನವಾಗಿ ಕಾಣುತ್ತದೆ. ಮಧ್ಯಾಹ್ನ ಕೂಸು ಅದರ ಮೇಲೆ ನಿದ್ದೆಹೋದರೆ ಉಳಿದವರು ತಟ್ಟೆ ಹಿಡಿದು ಹೊರಗೆ ನಿಲ್ಲಬೇಕು, ಹೊರಗೆ ಮಳೆಯಿದ್ದರಂತೂ ಹೇಳುವುದೇ ಬೇಡ. ಕೆಲವು ಹಗುರ ಮಾದರಿಗಳಲ್ಲಿ ಮೇಲಿನ ಬಂಕ್ 68 ಕೆಜಿಯಷ್ಟನ್ನೇ ತಾಳುತ್ತದೆ. ಹದಿಹರೆಯದ ಹುಡುಗನಿಗೆ ಅದು ಸಾಲದು. ಕ್ಯಾನ್ವಾಸ್ ಬದಿಗಳು ಹೊರಚಾಚುವ ಮಾದರಿಗಳು ತೂಕದಲ್ಲಿ ಹಿತವಾದರೂ, ಮಳೆಯಲ್ಲಿ ಮಡಚಿ ತಂದ ಬಟ್ಟೆಯನ್ನು ಮನೆಯಲ್ಲಿ ಮತ್ತೆ ಬಿಚ್ಚಿ ಒಣಗಿಸಬೇಕು. ಇದರ ಕಷ್ಟ ಮಲೆನಾಡಿನ ಆಷಾಢ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಡ್ಜ್ ತಂಗುದಾಣದಲ್ಲಿ ಕರಡಿಗಳ ಕಾರಣಕ್ಕೆ ಗಟ್ಟಿ ಗೋಡೆಯ ವಾಹನಗಳಿಗಷ್ಟೇ ಪ್ರವೇಶ, ಕ್ಯಾನ್ವಾಸಿನವಕ್ಕಿಲ್ಲ.

ಹಳೆಯದನ್ನು ಕೊಳ್ಳುವವರು ಒಳಗಿನ ಮೂಲೆಗಳನ್ನು, ಕಿಟಕಿಯ ಕೆಳಭಾಗವನ್ನು, ಮೇಲಿನ ಬಂಕಿನ ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗೆ ಒಳಗಿಳಿದರೆ, ಬೀರು ತೆರೆದಾಗ ಮುಗ್ಗಲು ವಾಸನೆ ಬಂದರೆ, ಚಾವಣಿಯ ಸೀಲು ಬಿಟ್ಟು ನೀರು ಇಳಿದು ಪ್ಲೈವುಡ್ ಕೊಳೆತಿದೆ ಎಂದರ್ಥ. ಬೆಲೆ ಎಷ್ಟೇ ಕಡಿಮೆಯಿದ್ದರೂ ಅಂಥದ್ದನ್ನು ಬಿಟ್ಟು ಬನ್ನಿ.

ಊರಿನ ರೀತಿಯೇ ಬೇರೆ. ಹಾಸನದಿಂದ ಹೊರನಾಡು, ಶೃಂಗೇರಿ, ಧರ್ಮಸ್ಥಳಕ್ಕೆ ಹೊರಟ ಮನೆಮಂದಿ ಒಂದು ಟಿಟಿಯನ್ನು ಚಾಲಕನ ಸಮೇತ ಗೊತ್ತು ಮಾಡಿ ಬಟ್ಟೆಯ ಚೀಲ ಹಿಡಿದು ಹತ್ತಿದರೆ ಸಾಕು. ಮಧ್ಯಾಹ್ನದ ಊಟ ದೇವಸ್ಥಾನದಲ್ಲಿ, ರಾತ್ರಿ ಯಾತ್ರಿನಿವಾಸದಲ್ಲೋ ಮೂಡಿಗೆರೆಯ ಚಿಕ್ಕಮ್ಮನ ಮನೆಯಲ್ಲೋ. ಅಡುಗೆಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಬೇಕಾದ ಅಗತ್ಯವೇ ಅಲ್ಲಿಲ್ಲ, ಏಕೆಂದರೆ ದಾರಿಯುದ್ದಕ್ಕೂ ಉಣಬಡಿಸುವವರಿದ್ದಾರೆ. ಇಲ್ಲಿ ನೂರಾರು ಮೈಲಿ ಹೋದರೂ ಮಕ್ಕಳಿಗೆ ಬಿಸಿ ಅನ್ನ ಸಾರು ಸಿಗದು. ಟ್ರೇಲರ್ ನಮಗೆ ಬೇಕಾಗಿರುವುದು ಈ ಕಾರಣಕ್ಕೇ. ಹೀಗಾಗಿ, ಇಂಥದ್ದೊಂದನ್ನು ಚಿಕ್ಕಮಗಳೂರಿಗೂ ತರಬಾರದೇ ಎಂದು ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಚಾರ್ಮಾಡಿಯ ತಿರುವುಗಳು ಎಳೆದೊಯ್ಯುವ ವಾಹನಕ್ಕೆ ಹೇಳಿ ಮಾಡಿಸಿದವಲ್ಲ, ಮಲಿನ ನೀರನ್ನು ಸುರಕ್ಷಿತವಾಗಿ ಖಾಲಿ ಮಾಡುವ ವ್ಯವಸ್ಥೆ ನಮ್ಮ ತಂಗುದಾಣಗಳಲ್ಲಿ ರೂಢಿಯಲ್ಲಿಲ್ಲ, ತೋಟದ ಮನೆಗಳ ಹೋಂಸ್ಟೇಗಳು ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತಿವೆ. ಅಮೆರಿಕದಲ್ಲೂ ಎಲ್ಲ ರಸ್ತೆಗಳು ಟ್ರೇಲರ್‌ಗೆ ತೆರೆದಿಲ್ಲ: ಗ್ಲೇಸಿಯರ್ ಉದ್ಯಾನದ ‘ಗೋಯಿಂಗ್ ಟು ದ ಸನ್’ ರಸ್ತೆಯ ಬೆಟ್ಟದ ಭಾಗದಲ್ಲಿ ಕಾರೂ ಸೇರಿ 21 ಅಡಿ ಮೀರಿದ ವಾಹನಗಳನ್ನು ಬಿಡುವುದಿಲ್ಲ.

ನನ್ನನ್ನು ಕೇಳುವ ಸ್ನೇಹಿತರಿಗೆ ನಾನು ಹೇಳುವುದಿಷ್ಟು. ಈಗಿರುವ ಕಾರಿಗೆ, ಈಗಿರುವ ಮಕ್ಕಳಿಗೆ ತಕ್ಕಂತೆ 17-18 ಅಡಿಯ ಬಂಕ್ ಮಾದರಿಯೊಂದನ್ನು ಆರಿಸಿ. ತುಂಬಿದ ತೂಕ ಕಾರಿನ ಮಿತಿಗಿಂತ ಸಾಕಷ್ಟು ಕೆಳಗಿರಲಿ. ಅಪ್ಪ, ಅಮ್ಮ ಬಂದ ವರ್ಷ ಅವರಿಗೆ ಅದೇ ತಾಣದಲ್ಲಿ ಒಂದು ಕ್ಯಾಬಿನ್ ಬಾಡಿಗೆಗೆ ಹಿಡಿದು, ಎರಡನೆಯ ಕಾರಿನಲ್ಲಿ ಕರೆದೊಯ್ಯಿರಿ. ಮೊದಲ ಪ್ರವಾಸಕ್ಕೆ ಹೊರಡುವಾಗ ಮನೆಮಂದಿಯೆಲ್ಲ ಕುಳಿತು, ನೀರು ತುಂಬಿಸಿಕೊಂಡು, ಹೆದ್ದಾರಿ ಬದಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಜ್ ಮೇಲೆ ಗಾಡಿಯನ್ನು ಒಮ್ಮೆ ನಿಲ್ಲಿಸಿ, ಬಂದ ರಸೀದಿಯನ್ನು ಆ ಎರಡು ಚೀಟಿಗಳ ಪಕ್ಕ ಹಿಡಿದು ನೋಡಿ.